ವಾಕಿಟಾಕಿ ಫೋನಲ್ಲ: ಕೆಲವು ತಪ್ಪು ಕಲ್ಪನೆಗಳು, ವಾಸ್ತವಗಳು

ಜಾತ್ರೆಯ ಸ್ವಯಂಸೇವಕರ ಸೊಂಟದಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಸಿನಿಮಾ ಶೂಟಿಂಗಿನಲ್ಲಿ, ಸಿಗ್ನಲ್ ಸಿಗದ ಕಾಫಿ ತೋಟದ ರೈಟರ ಕೈಯಲ್ಲಿ ವಾಕಿಟಾಕಿ ಕಾಣುತ್ತದೆ. ಮೊಬೈಲಿಗೆ ಪಳಗಿದ ಕೈಗೆ ಇದೂ ಒಂದು ಬಗೆಯ ಫೋನೇ ಅನ್ನಿಸುತ್ತದೆ. ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ. ಫೋನಿಗೆ ಟವರ್ ಇದೆ, ಕಂಪನಿ ಇದೆ, ದೂರು ಹೇಳಲು ಕಸ್ಟಮರ್ ಕೇರ್ ಇದೆ. ಈ ಸೆಟ್ಟಿಗೆ ಸಾಮಾನ್ಯವಾಗಿ ಇರುವುದು ಎದುರಿನ ಇನ್ನೊಂದು ಸೆಟ್ ಮಾತ್ರ.

ತಪ್ಪು ಕಲ್ಪನೆ: ವ್ಯಾಟ್ ಹೆಚ್ಚಿದ್ದಷ್ಟೂ ದೂರ ಹೆಚ್ಚು. ಡಬ್ಬಿಯ ಮೇಲೆ 10 ಕಿ.ಮೀ. ಎಂದಿದ್ದರೆ 10 ಕಿ.ಮೀ. ಸಿಗಲೇಬೇಕು.

ವಾಸ್ತವ: ಆ 10 ಕಿ.ಮೀ. ಪೂರ್ತಿ ಸುಳ್ಳೇನಲ್ಲ, ಆದರೆ ಅದು ಎಲ್ಲಿ ಸಿಗುತ್ತದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಇಂಥ ಸೆಟ್ಟುಗಳ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು ಅಡ್ಡ ಬಂದಲ್ಲಿಗೆ ಅವುಗಳ ದಾರಿ ಮುಗಿಯುತ್ತದೆ. ಲೆಕ್ಕ ಸರಳ: ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದಕ್ಕೆ ಕಾಣುವ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದವನಿಗೆ ಇದು ಸುಮಾರು 5 ಕಿ.ಮೀ. ಎದುರಿನವನದೂ ಅಷ್ಟೇ. ಎರಡೂ ಸೇರಿ 10. ಅಂದರೆ ಒಂದು ಮರ, ಒಂದು ಗೋಡೆಯೂ ಇಲ್ಲದ ಬಯಲಿನಲ್ಲೋ ಸಮುದ್ರದ ಮೇಲೋ ಮಾತ್ರ ಆ ಮಾತು ನಿಜವಾದೀತು. ಪೇಟೆಯ ಕಾಂಕ್ರೀಟಿನ ನಡುವೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಪುಣ್ಯ. ಮಲೆನಾಡಿನ ಗುಡ್ಡವೊಂದು ಅಡ್ಡ ಬಂದರೆ ಅದೂ ಇಲ್ಲ.

ಈಗ ವ್ಯಾಟಿನ ಕಥೆ. 1 ವ್ಯಾಟಿನ ಬದಲು 5 ವ್ಯಾಟ್ ಹಾಕಿದರೆ ದೂರ ಐದು ಪಟ್ಟು ಆಗುವುದಿಲ್ಲ. ಏನೂ ಅಡ್ಡವಿಲ್ಲದ ಆಕಾಶದಲ್ಲಿ 2.2 ಪಟ್ಟು, ನೆಲದ ಮೇಲೆ ಸುಮಾರು ಒಂದೂವರೆ ಪಟ್ಟು ಆದರೆ ಹೆಚ್ಚು. ಬ್ಯಾಟರಿ ಮಾತ್ರ ಬೇಗ ಬರಿದಾಗುತ್ತದೆ. ಅದೇ ಸೆಟ್ ಹಿಡಿದವರೊಬ್ಬರು ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡ ಹತ್ತಲಿ: ಅವರೊಬ್ಬರ ದಿಗಂತವೇ 41 ಕಿ.ಮೀ. ಆಗುತ್ತದೆ. ಇನ್ನೂ ಸಾಕ್ಷಿ ಬೇಕೆಂದರೆ ಆಕಾಶ ನೋಡಿ. ಸುಮಾರು 400 ಕಿ.ಮೀ. ಎತ್ತರದಲ್ಲಿ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ರಿಪೀಟರ್ (ಬಂದ ಮಾತನ್ನು ಮರುಪ್ರಸಾರ ಮಾಡುವ ಸೆಟ್) ಒಂದಿದೆ. ಹ್ಯಾಮ್‌ಗಳು 5 ವ್ಯಾಟಿನ ಕೈಸೆಟ್ಟಿಗೆ ಕೈಯಲ್ಲೇ ಹಿಡಿದು ಒಂದೇ ದಿಕ್ಕಿಗೆ ತಿರುಗಿಸುವ ಯಾಗಿ ಆಂಟೆನಾ ಸಿಕ್ಕಿಸಿ ಅದರ ಮೂಲಕ ಮಾತಾಡುತ್ತಾರೆ. ಪಕ್ಕದ ಬೀದಿಗೆ ತಲುಪದ ಸೆಟ್ ಅಲ್ಲಿಗೆ ತಲುಪುವುದು ನಡುವೆ ಏನೂ ಇಲ್ಲದ್ದರಿಂದ. ಮಾತು ಮುರಿಯುತ್ತಿದ್ದರೆ ಹೆಚ್ಚು ವ್ಯಾಟಿನ ಸೆಟ್ ಹುಡುಕುವ ಮೊದಲು ಹತ್ತು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಮೆಟ್ಟಿಲು ಹತ್ತಿ, ಕಿಟಕಿಯ ಬಳಿ ಹೋಗಿ.

ತಪ್ಪು ಕಲ್ಪನೆ: ಆಂಟೆನಾ ಎತ್ತಿಕೊಳ್ಳಲು ಇರುವ ಹಿಡಿ.

ವಾಸ್ತವ: ಹಾಗೆ ಹಿಡಿದು ಸೆಟ್ ತೂಗಾಡಿಸುವವರನ್ನು ನೋಡಿದರೆ ಅಯ್ಯೋ ಎನಿಸುತ್ತದೆ. 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಆಂಟೆನಾ ಅರ್ಧ ಮೀಟರ್ ಉದ್ದ ಇರಬೇಕು. ಅದನ್ನು ಸುರುಳಿ ಸುತ್ತಿ, ಗೇಣುದ್ದಕ್ಕೂ ಕಡಿಮೆ ಮಾಡಿ, ರಬ್ಬರ್ ಹೊದಿಸಿರುತ್ತಾರೆ. ಬುಡದಲ್ಲಿ ಬಿರುಕು ಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ, ಸೆಟ್ ಮಾತ್ರ ಮಂಕಾಗುತ್ತದೆ. ಮಾತಾಡುವಾಗ ಆಂಟೆನಾ ನೆಟ್ಟಗಿರಲಿ. ಒಬ್ಬರದು ನೆಟ್ಟಗೆ, ಇನ್ನೊಬ್ಬರದು ಅಡ್ಡ ಆದರೆ ಸಿಗ್ನಲ್ ಬಹಳಷ್ಟು ಸೋರಿಹೋಗುತ್ತದೆ. ಆಂಟೆನಾ ಬಿಚ್ಚಿಟ್ಟು ಗುಂಡಿ ಒತ್ತಲೇಬಾರದು. ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಒಳಗಿನ ಟ್ರಾನ್ಸಿಸ್ಟರನ್ನೇ ಸುಡಬಹುದು.

ತಪ್ಪು ಕಲ್ಪನೆ: ಗುಂಡಿ ಒತ್ತಿ ಜೋರಾಗಿ ಹೇಳಿದರೆ ಸಾಕು.

ವಾಸ್ತವ: ಒತ್ತಿದ ತಕ್ಷಣ ಮಾತು ಶುರುಮಾಡಿದರೆ ಮೊದಲ ಪದ ಹೋಯಿತೆಂದೇ ಲೆಕ್ಕ. ಬ್ಯಾಟರಿ ಉಳಿಸಲು ಎದುರಿನ ಸೆಟ್ ಆಗಾಗ ಕಣ್ಣುಮುಚ್ಚಿ ತೆರೆಯುತ್ತಿರುತ್ತದೆ. ಎಚ್ಚರವಾಗಿ ಸ್ಪೀಕರ್ ತೆರೆಯಲು ಅದಕ್ಕೆ ಅರೆಕ್ಷಣ ಬೇಕು. ಜಾತ್ರೆಯಲ್ಲಿ "ಎರಡನೇ ಗೇಟ್ ತೆಗೀರಿ" ಎಂದರೆ ಆ ಕಡೆ ಕೇಳಿಸುವುದು "ಗೇಟ್ ತೆಗೀರಿ" ಅಷ್ಟೇ. ಕೊನೆಯಲ್ಲಿ ಬೆರಳು ಬೇಗ ತೆಗೆದರೆ ಇನ್ನೂ ಅಪಾಯ: "ಜನರನ್ನ ಬಿಡಬೇಡಿ" ಎಂಬುದರಲ್ಲಿ "ಬೇಡಿ" ಕತ್ತರಿಸಿಹೋದರೆ ಉಳಿಯುವುದೇನೆಂದು ಯೋಚಿಸಿ. ಒತ್ತಿ, ಒಂದು ಕ್ಷಣ ಬಿಟ್ಟು ಮಾತಾಡಿ. ಮುಗಿಸಿ, ಒಂದು ಕ್ಷಣ ಬಿಟ್ಟು ಬೆರಳು ತೆಗೆಯಿರಿ. ಒತ್ತಿರುವಷ್ಟು ಹೊತ್ತು ನಿಮಗೆ ಏನೂ ಕೇಳಿಸುವುದಿಲ್ಲ ಎಂಬುದೂ ನೆನಪಿರಲಿ. ಕಿರುಚಿದರೆ ದನಿ ದೂರ ಹೋಗುವುದಿಲ್ಲ, ಒಡೆದುಹೋಗುತ್ತದೆ. ಮೈಕ್ ಬಾಯಿಂದ ಎರಡು ಮೂರು ಬೆರಳು ದೂರದಲ್ಲಿರಲಿ, ದನಿ ಮಾಮೂಲಿಯಾಗಿರಲಿ.

ತಪ್ಪು ಕಲ್ಪನೆ: ಪ್ರೈವಸಿ ಕೋಡ್ ಹಾಕಿದರೆ ಬೇರೆಯವರಿಗೆ ಕೇಳಿಸುವುದಿಲ್ಲ.

ವಾಸ್ತವ: ಇಷ್ಟು ದಾರಿ ತಪ್ಪಿಸುವ ಹೆಸರನ್ನು ಯಾರು ಇಟ್ಟರೋ! ಆ ಕೋಡ್ ಎಂದರೆ ಮಾತಿನ ಜೊತೆ ಹೋಗುವ ಒಂದು ಮಂದ್ರ ಸ್ವರ, ಸುಮಾರು 67ರಿಂದ 254 ಹರ್ಟ್ಸ್ ನಡುವಿನದು. ಆ ಸ್ವರ ಕೇಳಿದಾಗ ಮಾತ್ರ ನಿಮ್ಮ ಸ್ಪೀಕರ್ ತೆರೆಯುತ್ತದೆ. ಅದರಿಂದ ಬೇರೆಯವರ ಮಾತು ನಿಮಗೆ ಕೇಳದಂತಾಯಿತೇ ಹೊರತು ನಿಮ್ಮ ಮಾತು ಅವರಿಗೆ ಕೇಳದಂತಾಗಲಿಲ್ಲ. ಕೋಡ್ ಹಾಕದೆ ಅದೇ ಚಾನೆಲ್ಲಿಗೆ ಬಂದವರಿಗೆ ಎಲ್ಲವೂ ಕೇಳಿಸುತ್ತದೆ. ಯಾವ ಮನೆಯಲ್ಲಿ ಜನರಿಲ್ಲ, ಬೀಗದ ಕೈ ಎಲ್ಲಿದೆ ಎಂಬುದನ್ನು ಸೆಕ್ಯುರಿಟಿಯವರು ಸೆಟ್ಟಿನಲ್ಲಿ ಹೇಳುವುದು ಒಳ್ಳೆಯದಲ್ಲ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಮಾರುತ್ತಾರೆ ಎಂದಮೇಲೆ ಬಳಸಲು ಅಡ್ಡಿಯೇನು?

ವಾಸ್ತವ: ಇಲ್ಲೇ ಜನ ಹೆಚ್ಚು ಎಡವುವುದು. 2018ರ ನಿಯಮಗಳ ಪ್ರಕಾರ ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ಕೈಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಎಂಬ ಮಾದರಿ ಅನುಮೋದನೆ ಇರಲೇಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಡ್ಯುಯಲ್ ಬ್ಯಾಂಡ್ ಸೆಟ್ಟುಗಳು ಹೀಗಲ್ಲ. ಅವುಗಳಲ್ಲಿ ಹಲವು 136ರಿಂದ 174, 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡಬಲ್ಲವು. ಪೊಲೀಸರು, ಹಡಗಿನವರು ಬಳಸುವ ಜಾಗವೂ ಅದರೊಳಗೇ ಬರುತ್ತದೆ. ಲೈಸೆನ್ಸಿನ ಮಾಹಿತಿಯಿಲ್ಲದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಮಾರಾಟ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟಿತು, ಮಾರಾಟಕ್ಕೆ ಮಾರ್ಗಸೂಚಿಯೂ ಬಂತು.

ಹವ್ಯಾಸಕ್ಕೆ ಬೇಕೆಂದರೆ ಸರಿಯಾದ ದಾರಿ ಹ್ಯಾಮ್ ಪರೀಕ್ಷೆ. 12 ವರ್ಷ ತುಂಬಿದವರು ಬರೆಯಬಹುದು. ಹ್ಯಾಮ್ ಲೈಸೆನ್ಸ್ ಹಿಡಿದು ಈವೆಂಟ್ ಕಂಪನಿ ನಡೆಸುವಂತಿಲ್ಲ. ವ್ಯಾಪಾರಕ್ಕೆ ಬೇರೆ ಪರವಾನಗಿ.

ತಪ್ಪು ಕಲ್ಪನೆ: ಬ್ಯಾಟರಿ ಪೂರ್ತಿ ಬರಿದಾದ ಮೇಲೆಯೇ ಚಾರ್ಜಿಗೆ ಹಾಕಬೇಕು.

ವಾಸ್ತವ: ಇದು ನಿಕಲ್-ಕ್ಯಾಡ್ಮಿಯಂ ಕಾಲದ ಬುದ್ಧಿವಾದ. ಈಗಿನ ಲಿಥಿಯಂ ಅಯಾನ್ ಬ್ಯಾಟರಿಗೆ ಪೂರ್ತಿ ಬರಿದಾಗುವುದೇ ಕೆಡುಕು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಲ್ಲ. ಇಡೀ ದಿನ ಬರುತ್ತದೆ ಎಂಬ ಕಂಪನಿಯ ಲೆಕ್ಕ ಸಾಮಾನ್ಯವಾಗಿ ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು ಎಂಬ ಊಹೆಯ ಮೇಲೆ ನಿಂತಿದೆ. ಹರಟೆಗೆ ಬಳಸಿದರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಬ್ಯಾಟರಿಯ ಲೋಹದ ಬಿಂದುಗಳನ್ನು ಆಗಾಗ ಒಣ ಬಟ್ಟೆಯಿಂದ ಒರೆಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಬೇಡಿ, ಬದಲಿಸಿ.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಎಂದರೆ ಸಮುದ್ರಕ್ಕೂ ಸೈ.

ವಾಸ್ತವ: ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ, ಅದೂ ಹೊಸ ಸೆಟ್ಟಿಗೆ, ಇಯರ್‌ಫೋನ್ ತೂತಿನ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ. ಉಪ್ಪುನೀರು ತಗುಲಿದರೆ ಮುಚ್ಚಳ ಭದ್ರವಿದೆಯೇ ನೋಡಿ ಸಿಹಿನೀರಲ್ಲಿ ತೊಳೆದು ಒರೆಸಿ.

ತಪ್ಪು ಕಲ್ಪನೆ: ಕಾಡಿನಲ್ಲಿ ಸಿಕ್ಕಿಹಾಕಿಕೊಂಡರೆ ಗುಂಡಿ ಒತ್ತಿ ಕೂಗಿದರೆ ಯಾರಾದರೂ ಬರುತ್ತಾರೆ.

ವಾಸ್ತವ: ಸಮುದ್ರದಲ್ಲಿ ಅಂಥ ವ್ಯವಸ್ಥೆ ಇದೆ. 156.8 ಮೆಗಾಹರ್ಟ್ಸ್‌ನ ಚಾನೆಲ್ 16ಕ್ಕೆ ಹಡಗುಗಳೂ ಕೋಸ್ಟ್‌ಗಾರ್ಡ್‌ನವರೂ ಕಿವಿಗೊಟ್ಟಿರುತ್ತಾರೆ. ನೆಲದ ಮೇಲೆ ಲೈಸೆನ್ಸ್ ಬೇಡದ ಸೆಟ್ಟುಗಳಿಗೆ ಅಂಥ ಕಾವಲು ಚಾನೆಲ್ ಇಲ್ಲ. 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ದಾಟಿಸಿದ್ದು ಹ್ಯಾಮ್‌ಗಳು ಎಂಬುದು ನಿಜ. ಆದರೆ ಅವರು ತರಬೇತಾದವರು, ಅವರ ಕೈಯಲ್ಲಿದ್ದದ್ದು ದೂರಗಾಮಿ ಎಚ್‌ಎಫ್ ಸೆಟ್ಟುಗಳು. ಚಾರಣಕ್ಕೆ ಹೊರಡುವವರು ವಾಕಿಟಾಕಿಯನ್ನು ತಂಡದೊಳಗಿನ ಮಾತಿಗೆ ಇಟ್ಟುಕೊಳ್ಳಿ. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲೂ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲೂ ಹೇಳಿ ಹೋಗಿ.