ಗೋಧಿ ಬಿಟ್ಟೆ, ರಾಗಿ ಬಿತ್ತಿದೆ

ನನ್ನ ರಕ್ತದಲ್ಲಿ ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಗಂಡಸರಿಗೆ 13ರ ಮೇಲೆ ಇರಬೇಕಂತೆ. ಕಬ್ಬಿಣದ ಮಾತ್ರೆ ನುಂಗಿದೆ, ಟಾನಿಕ್ಕು ಕುಡಿದೆ, ಇಂಜಕ್ಷನ್ನೂ ಆಯಿತು. ಒಂದು ತಿಂಗಳು ಸ್ವಲ್ಪ ಏರುವುದು, ಮತ್ತೆ ಇಳಿಯುವುದು. 2020ರಿಂದ ಎರಡು ವರ್ಷ ಹೀಗೇ ಕಳೆಯಿತು. ತೂಕ 58 ಇದ್ದದ್ದು 44ಕ್ಕೆ ಬಂತು. ನೇಗಿಲ ಸಾಲಿನಲ್ಲಿ ಎರಡು ಸುತ್ತು ಹೋದರೆ ಬದುವಿನ ಮೇಲೆ ಕೂರಬೇಕು.

ಊರಲ್ಲಿ ಒಬ್ಬೊಬ್ಬರು ಒಂದೊಂದು ಅಂದರು. ಟಿ.ಬಿ. ಇರಬೇಕು ಅಂತ ಕೆಲವರು. ಗುಟ್ಟಾಗಿ ಕುಡೀತಾನೆ ಅಂತ ಮತ್ತೆ ಕೆಲವರು. ನಾನು ಬೀಡಿಯನ್ನೂ ಸೇದಿದವನಲ್ಲ. ತೋರಿಸಿದ ಕಡೆಯೆಲ್ಲ ಗ್ಯಾಸು, ಜಂತುಹುಳ, ಮೂಲವ್ಯಾಧಿ ಅಂತ ಮಾತ್ರೆ ಕೊಟ್ಟರು. ದಿನಾ ಮೂರ್ನಾಲ್ಕು ಸಲ ಹೊರಕಡೆಗೆ ಹೋಗಬೇಕಾಗುತ್ತಿತ್ತು. ಅದನ್ನು ಹೇಳಿಕೊಳ್ಳಲು ನನಗೂ ನಾಚಿಕೆ. ಮೊದಲೇ ಸರಿಯಾಗಿ ಬಾಯಿಬಿಟ್ಟು ಹೇಳಿದ್ದರೆ ಒಂದು ವರ್ಷವಾದರೂ ಉಳಿಯುತ್ತಿತ್ತೋ ಏನೋ.

ಕೊನೆಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಹಳೇ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿ ನೋಡಿದರು. "ಯಜಮಾನ್ರೇ, ಕಬ್ಬಿಣ ಕೊಟ್ಟಿದ್ದಾರೆ, ನೀವು ತಿಂದಿದ್ದೀರಿ, ಅದು ಮೈಗೆ ಹತ್ತುತ್ತಿಲ್ಲ. ಮನೇಲಿ ಊಟ ಏನು?" ಅಂದರು. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ ಅಂದೆ. ಅವರು ಹೊಟ್ಟೆ-ಕರುಳಿನ ತಜ್ಞರಿಗೆ ಚೀಟಿ ಬರೆದರು.

ಚಪಾತಿ ನಮ್ಮ ಮನೆಗೆ ಬಂದ ಕಥೆ ಹೇಳಬೇಕು. ನಮ್ಮದು ಭದ್ರಾವತಿ ತಾಲೂಕಿನಲ್ಲಿ ನಾಲ್ಕು ಎಕರೆ ಖುಷ್ಕಿ. ಭದ್ರಾ ನಾಲೆಯ ನೀರು ನಮ್ಮ ಹೊಲಕ್ಕೆ ಹತ್ತುವುದಿಲ್ಲ. ಅಪ್ಪನ ಕಾಲಕ್ಕೆ ರಾಗಿ, ಜೊತೆಗೆ ಅಕ್ಕಡಿ ಸಾಲಲ್ಲಿ ತೊಗರಿ, ಅವರೆ, ಹುಚ್ಚೆಳ್ಳು. ಸುತ್ತಲಿನವರ ಹಾಗೆ ನಾನೂ ರಾಗಿ ಬಿಟ್ಟು ಮುಸುಕಿನ ಜೋಳಕ್ಕೆ ಬಿದ್ದೆ. ಜೋಳ ಮಾರಿದ ದುಡ್ಡಲ್ಲಿ ಊಟದ ಸಾಮಾನು ತರುವುದು. ನಮ್ಮನೆಯವಳಿಗೆ ಸಕ್ಕರೆ ಕಾಯಿಲೆ ಬಂದಾಗ ಅನ್ನ ಕಡಿಮೆ ಮಾಡಿ ಚಪಾತಿ ತಿನ್ನಿ ಅಂದರು. ಒಬ್ಬಳಿಗೆ ಬೇರೆ ಏಕೆ ಅಂತ ಎಲ್ಲರಿಗೂ ಚಪಾತಿಯೇ ಆಯಿತು. ನನ್ನ ಕಾಯಿಲೆ ಏರಿದ್ದೂ ಅದೇ ವರ್ಷಗಳಲ್ಲಿ.

ಕಾಯಿಲೆಯ ಹೆಸರು ಸೀಲಿಯಕ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶ ಇರುತ್ತದೆ. ಚಪಾತಿ ಹಿಟ್ಟಿನ ಉಂಡೆಯನ್ನು ನೀರಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿ ಗಂಜಿಯೆಲ್ಲ ಹೋಗಿ ರಬ್ಬರಿನ ಹಾಗೆ ಎಳೆದರೆ ಬರುವ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ರಾಗಿ ಹಿಟ್ಟಿನಲ್ಲಿ ಮಾಡಿ ನೋಡಿ, ಏನೂ ಉಳಿಯುವುದಿಲ್ಲ. ನಮ್ಮಂಥ ಕೆಲವರ ಮೈ ಈ ಅಂಟನ್ನು ಶತ್ರು ಅಂತ ತಿಳಿದು ಜಗಳಕ್ಕೆ ನಿಲ್ಲುತ್ತದೆ. ಆ ಜಗಳದಲ್ಲಿ ಹಾಳಾಗುವುದು ನಮ್ಮದೇ ಸಣ್ಣ ಕರುಳು. ಕರುಳಿನ ಒಳಗೋಡೆಯಲ್ಲಿ ಸಸಿಮಡಿಯ ಪೈರಿನಂತೆ ಒತ್ತಾಗಿ ಸಣ್ಣ ಎಳೆಗಳಿವೆ, ಅನ್ನದ ಸತ್ವ ಹೀರುವುದು ಅವೇ. ನನ್ನ ಕರುಳು ದನ ಮೇದು ಹೋದ ಸಸಿಮಡಿಯಂತಾಗಿತ್ತು. ಬೇರು ಕೊಳೆತ ಗಿಡಕ್ಕೆ ಗೊಬ್ಬರ ಹಾಕಿದ ಹಾಗೆ ಎರಡು ವರ್ಷ ಕಬ್ಬಿಣ ಸುರಿದದ್ದಾಯಿತು.

ಇದು ಅಂಟು ರೋಗವಲ್ಲ. ಮನೆತನದಲ್ಲಿ ಬರುವ ಗುಣ ಇರಬೇಕು, ಗೋಧಿಯೂ ಹೊಟ್ಟೆಗೆ ಬೀಳಬೇಕು. ಹಾಲೆಂಡಿನ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಅನುಮಾನ ಇತ್ತಂತೆ. 1944-45ರ ಯುದ್ಧದ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡೇ ಸಿಗದಾಯಿತು. ಊರೆಲ್ಲ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ಮತ್ತೆ ಬಂತು, ಕಾಯಿಲೆಯೂ ಬಂತು. ಅಲ್ಲಿಂದ ಗೋಧಿಯ ಕೈವಾಡ ಗಟ್ಟಿಯಾಯಿತು.

ನಮ್ಮ ದಕ್ಷಿಣದಲ್ಲಿ ಇದು ಕಡಿಮೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರದ ಹರಿಯಾಣದ ಕಡೆ ನೂರಕ್ಕೆ 1.23 ಜನರಲ್ಲಿ, ದಕ್ಷಿಣದ ವೆಲ್ಲೂರಿನ ಕಡೆ ನೂರಕ್ಕೆ 0.10 ಜನರಲ್ಲಿ, ಅಂದರೆ ಸಾವಿರಕ್ಕೆ ಒಬ್ಬರಲ್ಲಿ, ಈ ಕಾಯಿಲೆಯ ಗುರುತು ರಕ್ತದಲ್ಲಿ ಕಂಡಿತು. ಕಾಯಿಲೆಗೆ ಒಡ್ಡುವ ವಂಶಗುಣ ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಊಟದಲ್ಲಿ. ಅಲ್ಲಿಯವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿಂದರೆ ಇಲ್ಲಿಯವರು 25 ಗ್ರಾಂ. ಈಗ ನಮ್ಮ ಹಳ್ಳಿಗಳಲ್ಲೂ ಬೆಳಿಗ್ಗೆ ರವೆ, ಸಂಜೆ ಬನ್ನು, ರಾತ್ರಿ ಚಪಾತಿ. ಸಾವಿರಕ್ಕೆ ಒಬ್ಬ ಅನ್ನುವ ಲೆಕ್ಕ ಮುಂದೆಯೂ ಹಾಗೇ ಇರುತ್ತದೆಯೇ ಅಂತ ನನಗೆ ಅನುಮಾನ.

ಪರೀಕ್ಷೆಯಲ್ಲಿ ನಾನು ಮಾಡಿಕೊಂಡ ಎಡವಟ್ಟು

ತಜ್ಞರ ಬಳಿ ಹೋಗಲು ಹದಿನೈದು ದಿನ ತಡವಾಯಿತು, ಜೋಳ ಮುರಿಯುವ ಕಾಲ. ಅಷ್ಟರಲ್ಲಿ ನಮ್ಮಕ್ಕನ ಮಗ ಮೊಬೈಲಿನಲ್ಲಿ ಏನೋ ನೋಡಿ "ಮಾವ, ಗೋಧಿ ಬಿಟ್ಟುಬಿಡು, ಪರೀಕ್ಷೆಯೇ ಬೇಡ" ಅಂದ. ಬಿಟ್ಟೆ. ಹೊಟ್ಟೆ ಸ್ವಲ್ಪ ಹಗುರಾಯಿತು. ಹಾಗಾದರೆ ಆಸ್ಪತ್ರೆ ಯಾಕೆ ಅಂತ ಮತ್ತೆ ಎರಡು ತಿಂಗಳು ತಳ್ಳಿದೆ. ಸುಸ್ತು ಬಿಡದಿದ್ದಾಗ ಹೋದರೆ ರಕ್ತಪರೀಕ್ಷೆಯಲ್ಲಿ ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬಂಥ ಅಂಕಿ ಬಂತು. ತಜ್ಞರು ತಲೆ ಚಚ್ಚಿಕೊಂಡರು. ಗೋಧಿ ತಿನ್ನುತ್ತಿರುವಾಗ ಮಾತ್ರ ಈ ಪರೀಕ್ಷೆ ಸತ್ಯ ಹೇಳುತ್ತದೆ. ಬಿಟ್ಟ ಮೇಲೆ ರಕ್ತದ ಗುರುತೂ ಇಳಿಯುತ್ತದೆ, ಕರುಳೂ ನಿಧಾನಕ್ಕೆ ಚಿಗುರುತ್ತದೆ. ದಿನಕ್ಕೆ ಎರಡು ಚಪಾತಿಯಂತೆ ಆರು ವಾರ ತಿಂದು ಬನ್ನಿ ಅಂದರು. ವಿಷ ಅಂತ ಗೊತ್ತಿದ್ದೂ ತಟ್ಟೆ ಮುಂದೆ ಕೂತು ತಿಂದ ಆ ಆರು ವಾರ ನನ್ನ ಶತ್ರುವಿಗೂ ಬೇಡ. ನಿಮಗೆ ಅನುಮಾನ ಇದ್ದರೆ ದಯವಿಟ್ಟು ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ.

ಪರೀಕ್ಷೆ ಎರಡು ಹಂತ. ಮೊದಲು ರಕ್ತ. ಅದಕ್ಕೆ ಟಿಟಿಜಿ-ಐಜಿಎ ಅಂತ ಹೆಸರು. ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡುತ್ತಾರೆ, ಕೆಲವರ ಮೈಯಲ್ಲಿ ಅದೇ ಕಡಿಮೆ ಇದ್ದು ಪರೀಕ್ಷೆ ಸುಳ್ಳು ಹೇಳುವುದುಂಟು. ಮೆಗ್ಗಾನ್ ಆಸ್ಪತ್ರೆ ಕಡೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು, ನಾಲ್ಕನೇ ದಿನ ರಿಪೋರ್ಟು ಬಂತು. ಈ ಸಲ ಅಂಕಿ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ಆಮೇಲೆ ಎಂಡೋಸ್ಕೋಪಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಔಷಧಿ ಸಿಂಪಡಿಸಿ ತೆಳ್ಳನೆಯ ಕೊಳವೆ ಇಳಿಸಿ ಸಣ್ಣ ಕರುಳಿನ ಆರಂಭದಿಂದ ನಾಲ್ಕಾರು ಚೂರು ತೆಗೆಯುತ್ತಾರೆ. ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ನೋವಿಲ್ಲ. ಭದ್ರಾವತಿ ಬಸ್ಸು ಹತ್ತಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿದ್ದೆ.

ಔಷಧಿ ಏನು ಅಂತ ಕೇಳಿದೆ. ಔಷಧಿ ಇಲ್ಲ, ಸಾಯುವ ತನಕ ಗೋಧಿ ಬೇಡ, ಅಷ್ಟೇ ಅಂದರು. ಜೊತೆಗೆ ಇನ್ನೊಂದು ಮಾತು: ಹೆತ್ತವರು, ಮಕ್ಕಳು, ಒಡಹುಟ್ಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರಬಹುದು, ಎಲ್ಲರ ರಕ್ತ ನೋಡಿಸಿ. ಅಕ್ಕ ಬರಲೇ ಇಲ್ಲ. ಮಗನಿಗೆ ಇಲ್ಲ ಅಂತ ಬಂತು, ಮುಂದೆ ತೊಂದರೆ ಕಂಡರೆ ಮತ್ತೆ ನೋಡಿಸಬೇಕಂತೆ. ಮಗಳಿಗೆ ಇದೆ ಅಂತ ಬಂತು. ಆಗ ಅವಳಿಗೆ ಹದಿನೆಂಟು. ಹೊಟ್ಟೆನೋವಿಲ್ಲ, ಭೇದಿಯಿಲ್ಲ. ಬಾಯಿಹುಣ್ಣು ಪದೇ ಪದೇ ಆಗುತ್ತಿತ್ತು, ಓರಗೆಯವರಿಗಿಂತ ಕುಳ್ಳಿ. ನಮ್ಮಮ್ಮನ ಹೋಲಿಕೆ ಅಂದುಕೊಂಡು ಸುಮ್ಮನಿದ್ದೆವು. ನನ್ನ ರಿಪೋರ್ಟಿಗೆ ಅಳದ ನಮ್ಮನೆಯವಳು ಅವಳದಕ್ಕೆ ಅತ್ತಳು.

ಅಡುಗೆಮನೆ, ಗಿರಣಿ, ಕೊಟ್ಟಿಗೆ

ಗೋಧಿ ಬಿಡುವುದು ಅಂದರೆ ಚಪಾತಿ ಬಿಡುವುದು ಅಂದುಕೊಂಡಿದ್ದೆ. ರವೆ, ಮೈದಾ, ಶಾವಿಗೆ ಎಲ್ಲವೂ ಗೋಧಿಯೇ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ಹೋಳಿಗೆಯ ಕಣಕ, ಬಿಸ್ಕತ್ತು ಯಾವುದೂ ಇಲ್ಲ. ಹಾರ್ಲಿಕ್ಸಿನಲ್ಲಿ ಗೋಧಿಯೂ ಇದೆ, ಬಾರ್ಲಿಯೂ ಇದೆ. ರಕ್ತ ಕಡಿಮೆ ಅಂತ ಅದನ್ನೇ ದಿನಾ ಕುಡಿಸುತ್ತಿದ್ದರು ನನಗೆ! ಹಳೇ ತಳಿ ಖಪ್ಲಿ ಆಗುತ್ತದೆ, ಸಾವಯವ ಗೋಧಿ ಆಗುತ್ತದೆ ಅಂತ ಹೇಳುವವರಿದ್ದಾರೆ. ಆಗುವುದಿಲ್ಲ, ಅವೂ ಗೋಧಿಯೇ. ಎಲ್ಲಕ್ಕಿಂತ ಬೆಚ್ಚಿಬಿದ್ದದ್ದು ಇಂಗಿನ ಡಬ್ಬಿ ಓದಿದಾಗ. ಅಂಗಡಿ ಇಂಗಿಗೆ ಹಿಟ್ಟು ಬೆರೆಸಿರುತ್ತಾರೆ, ಹೆಚ್ಚಿನದರಲ್ಲಿ ಗೋಧಿಯದು. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಡಬ್ಬಿ ಓದಿ ತರಬೇಕು. ನಾವು ಬೆಳ್ಳುಳ್ಳಿ ಒಗ್ಗರಣೆಗೆ ಇಳಿದೆವು.

ಅನ್ನ, ಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಅವಲಕ್ಕಿ, ಮಂಡಕ್ಕಿ, ನವಣೆ, ಸಾಮೆ, ಬೇಳೆಕಾಳು, ಹಾಲು, ಮೊಟ್ಟೆ, ಮಾಂಸ ಎಲ್ಲ ಇವೆ. ಪಂಜಾಬಿನಲ್ಲಿ ಹುಟ್ಟಿದ್ದರೆ ನನ್ನ ಗತಿ ಏನು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಾವಲಿ, ಜರಡಿ, ಲಟ್ಟಣಿಗೆ ಹೊಸದು ತಂದೆವು. ನಮ್ಮನೆಯವಳೂ ಈಗ ಮುದ್ದೆಗೆ ಬಂದಿದ್ದಾಳೆ, ಉಂಡೆ ಸಣ್ಣದು, ಸೊಪ್ಪು-ಸಾರು ಜಾಸ್ತಿ.

ಆರು ತಿಂಗಳಾದರೂ ನನ್ನ ರಕ್ತದ ಅಂಕಿ ಬೇಕಾದಷ್ಟು ಇಳಿಯಲಿಲ್ಲ. ಮಗಳದು ಚೆನ್ನಾಗಿ ಇಳಿದಿತ್ತು. ಕದ್ದು ತಿನ್ನುತ್ತೀರಾ ಅಂತ ಡಾಕ್ಟರು ಕೇಳಿಯೇಬಿಟ್ಟರು. ಎಲ್ಲಿಂದ ಬರುತ್ತಿದೆ ಅಂತ ಹುಡುಕಿದೆವು. ಮೊದಲು ಸಿಕ್ಕಿದ್ದು ಗಿರಣಿ. ನಮ್ಮ ಊರ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಮೇಲೆ ನಮ್ಮ ರಾಗಿ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಹಿಟ್ಟೆಲ್ಲ ನಮ್ಮದರ ಜೊತೆಗೆ ಬರುತ್ತದೆ. ಗ್ಲುಟೆನ್ ಇಲ್ಲ ಅಂತ ಚೀಟಿ ಅಂಟಿಸಿ ಮಾರಬೇಕಾದರೆ ಸರ್ಕಾರದ ನಿಯಮದಂತೆ ಕಿಲೋಕ್ಕೆ 20 ಮಿಲಿಗ್ರಾಂ ದಾಟಬಾರದು. ಗಿರಣಿಯ ಹಿಟ್ಟಿಗೆ ಆ ಲೆಕ್ಕ ಯಾರು ಹೇಳುತ್ತಾರೆ? ರಾಗಿ ಹಿಟ್ಟು, ನವಣೆ ರವೆ ಮಾಡಿ ಮಾರುವ ನಮ್ಮ ರೈತ ಗುಂಪುಗಳು ಇದನ್ನು ಗಮನಿಸಬೇಕು. ಧಾನ್ಯ ಶುದ್ಧ, ಯಂತ್ರ ಶುದ್ಧವಲ್ಲ. ಗೋಧಿ ತುಂಬಿದ್ದ ಹಳೇ ಗೋಣಿಚೀಲಕ್ಕೆ ರಾಗಿ ತುಂಬುವುದೂ ಇದೇ ತಪ್ಪು. ನಾವು ಮನೆಗೇ ಒಂದು ಸಣ್ಣ ಗಿರಣಿ ತಂದೆವು, ಒಂದು ಎಚ್.ಪಿ. ಮೋಟಾರಿನದು. ಅದು ಬರುವ ತನಕ ಕೊಟ್ಟಿಗೆ ಮೂಲೆಯ ಬೀಸುವ ಕಲ್ಲೇ ಗತಿ.

ಎರಡನೆಯದು ನಾನೇ ಕಂಡುಹಿಡಿದದ್ದು ಅಂತ ಹೇಳಿಕೊಳ್ಳುವ ಆಸೆ, ಆದರೆ ಕಂಡದ್ದು ಮಗಳು. ದಿನಾ ಎರಡು ಹೊತ್ತು ಹಸುಗಳಿಗೆ ಗೋಧಿ ಬೂಸಾ ಕಲೆಸುವವನು ನಾನು. ಮೂಟೆ ಸುರಿದರೆ ಧೂಳು ಮುಖಕ್ಕೆ ಏಳುತ್ತದೆ, ಬಾಯಿಗೂ ಹೋಗುತ್ತದೆ, ಆ ಕೈಯಲ್ಲೇ ಎಲೆ-ಅಡಿಕೆ. ಡಾಕ್ಟರಿಗೆ ಹೇಳಿದಾಗ, ಮೇವಿನ ಧೂಳಿನಿಂದಲೇ ಹೀಗೆ ವಾಸಿಯಾಗದೆ ಉಳಿದ ಹೊರದೇಶದ ಇಬ್ಬರು ರೈತರ ವಿಷಯ 2007ರಲ್ಲಿ ವೈದ್ಯರ ಪತ್ರಿಕೆಯೊಂದರಲ್ಲಿ ಬಂದಿತ್ತು ಅಂದರು. ಬೂಸಾ ನಿಲ್ಲಿಸಿ ಮುಸುಕಿನ ಜೋಳದ ನುಚ್ಚು, ಶೇಂಗಾ ಹಿಂಡಿಗೆ ಬದಲಾಯಿಸಿದೆ. ಹಾಲು ಹದಿನೈದು ದಿನ ಕಡಿಮೆಯಾಗಿ ಮತ್ತೆ ಹಳೆಯ ಅಳತೆಗೆ ಬಂತು. ಇನ್ನೊಂದು ವರ್ಷಕ್ಕೆ ನನ್ನ ಅಂಕಿ ಮಿತಿಯ ಹತ್ತಿರಕ್ಕೆ ಬಂತು. ಹಿಮೋಗ್ಲೋಬಿನ್ 12.6. ತೂಕ 55.

2023ರ ಮುಂಗಾರಿಗೆ ಒಂದು ಎಕರೆ ಜೋಳ ಕಡಿಮೆ ಮಾಡಿ ಜಿಪಿಯು-28 ರಾಗಿ ಕೂರಿಗೆಯಲ್ಲಿ ಬಿತ್ತಿದೆ. ಆ ವರ್ಷ ಮಳೆ ಕೈಕೊಟ್ಟಿತು. ನಾಲ್ಕು ಚೀಲ ಬಂತು, ಹುಲ್ಲೂ ಗಿಡ್ಡ. ಪಕ್ಕದ ಜೋಳ ಅದಕ್ಕಿಂತ ಕೆಟ್ಟಿತ್ತು. 2024ರಲ್ಲಿ ಮಳೆ ಚೆನ್ನಾಗಿ ಬಂದು ಒಂಬತ್ತು ಚೀಲ ಆಯಿತು. ಮನೆಗೆ ವರ್ಷಕ್ಕೆ ನಾಲ್ಕು ಸಾಕು. ದುಡ್ಡಿನ ಲೆಕ್ಕದಲ್ಲಿ ಜೋಳವೇ ಮೇಲು ಅಂತ ಮಗ ವಾದ ಮಾಡುತ್ತಾನೆ. ಆಸ್ಪತ್ರೆ ಚೀಟಿಗಳನ್ನೂ ಆ ಲೆಕ್ಕಕ್ಕೆ ಸೇರಿಸು ಅಂದಿದ್ದೇನೆ.

ಕಷ್ಟ ಇರುವುದು ಹೊರಗೆ ಹೋದಾಗ. ಅಕ್ಕನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಪಾದ ಬೇಡ ಅಂದದ್ದಕ್ಕೆ "ಪ್ರಸಾದ ಬೇಡ ಅನ್ನುವಷ್ಟು ದೊಡ್ಡವನಾದೆಯಾ?" ಅಂದಳು. ಒಂದು ಚಮಚ ತಿಂದೆ. ಎರಡು ದಿನ ಮಲಗಿದೆ. ಈಗ ಅವಳೇ ಬಾಳೆಹಣ್ಣು ಎತ್ತಿಡುತ್ತಾಳೆ, ರಕ್ತ ಕೊಡಲು ಮಾತ್ರ ಇನ್ನೂ ಒಪ್ಪಿಲ್ಲ. ಶಿವಮೊಗ್ಗಕ್ಕೆ ಹೋಗುವ ದಿನ ಅಕ್ಕಿರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಹೋಟೆಲಿನ ಮಸಾಲೆದೋಸೆ ಬಿಟ್ಟದ್ದಕ್ಕೆ ಮಾತ್ರ ಈಗಲೂ ಸಂಕಟ. ಅದೇ ಕಾವಲಿಯಲ್ಲಿ ರವೆದೋಸೆಯನ್ನೂ ಹುಯ್ಯುತ್ತಾರೆ.

ಮಗಳು ಡಿಗ್ರಿ ಮುಗಿಸಿದಳು. ಬಾಯಿಹುಣ್ಣು ನಿಂತಿದೆ. ಎತ್ತರ ಬೆಳೆಯುವ ವಯಸ್ಸು ದಾಟಿಹೋಗಿತ್ತು, ಅದು ಬರಲಿಲ್ಲ. ಹೋದ ತಿಂಗಳು ಭದ್ರಾವತಿಯಿಂದ ಒಂದು ಸಂಬಂಧ ಬಂತು. ಗೋಧಿ ವಿಷಯ ಈಗಲೇ ಎತ್ತಬೇಡಿ ಅಂತ ನಮ್ಮನೆಯವಳು ನನಗೆ ಒಳಗೆ ಕರೆದು ಹೇಳಿದಳು. ನನಗೂ ಬಾಯಿ ಬರಲಿಲ್ಲ. ಮಗಳೇ ಟೀ ಲೋಟ ಇಡುತ್ತಾ, "ನಾನು ಚಪಾತಿ, ರವೆ ತಿನ್ನೋ ಹಾಗಿಲ್ಲ. ಬೇರೆ ಕಾವಲಿ, ಬೇರೆ ಹಿಟ್ಟು ಬೇಕು. ಕಾಯಿಲೆ ಹೆಸರು ಬರೆದುಕೊಡ್ತೀನಿ, ನಿಮ್ಮ ಡಾಕ್ಟರ ಹತ್ರ ಕೇಳ್ಕೊಳ್ಳಿ" ಅಂದಳು. ಹುಡುಗನ ತಾಯಿ ಚೀಟಿ ತೆಗೆದುಕೊಂಡು ಹೋದರು. ಇನ್ನೂ ಫೋನ್ ಬಂದಿಲ್ಲ.