ಕತ್ತಿಗೆ ಕತ್ತಿ ತಾಗಿದ ಮೇಲೆ

ಯುರೋಪಿನ ಹಳೆಯ ಕತ್ತಿವರಸೆಯನ್ನು ಇಂದು ಕಲಿಯಹೊರಟವರಿಗೆ ಗುರುಪರಂಪರೆಯ ಆಸರೆಯಿಲ್ಲ. ಎರಡೂ ಕೈಗಳಿಂದ ಹಿಡಿಯುವ ಉದ್ದಕತ್ತಿಯ ಬಳಕೆ ತಪ್ಪಿದ ಮೇಲೆ ಅದರ ವಿದ್ಯೆಯೂ ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟುವುದು ನಿಂತುಹೋಗಿ, ಗ್ರಂಥಾಲಯಗಳ ಹಳೆಯ ಗ್ರಂಥಗಳಲ್ಲಿ ಮಾತ್ರ ಉಳಿಯಿತು. ಈ ವಿದ್ಯೆಯ ಜರ್ಮನ್ ಶಾಖೆಗೆ ಮೂಲಪುರುಷನೆನಿಸಿದ 14ನೆಯ ಶತಮಾನದ ಯೋಹಾನೆಸ್ ಲೀಷ್ಟೆನಾವರ್‌ನ ಬೋಧನೆ ಪ್ರಾಸಬದ್ಧ ಪದ್ಯಗಳಲ್ಲಿದ್ದು, ವಿದ್ಯೆ ಕಂಡಕಂಡವರ ಪಾಲಾಗಬಾರದೆಂದು ಅವುಗಳನ್ನು ಬೇಕೆಂದೇ ಗೂಢವಾದ ಮಾತುಗಳಲ್ಲಿ ಹೆಣೆಯಲಾಗಿತ್ತು. 15ನೆಯ ಶತಮಾನದಲ್ಲಿ ರಿಂಗೆಕ್ ಮೊದಲಾದವರ ಹೆಸರಿನಲ್ಲಿ ಬಂದ ವ್ಯಾಖ್ಯಾನಗಳು ಇಲ್ಲದಿದ್ದರೆ, ಭಾಷ್ಯವಿಲ್ಲದ ಸೂತ್ರಗಳಂತೆ ಆ ಪದ್ಯಗಳು ಇಂದಿನವರಿಗೆ ಬಹುಪಾಲು ಒಗಟಾಗಿಯೇ ಉಳಿಯುತ್ತಿದ್ದವು.

ಲೀಷ್ಟೆನಾವರ್ ಪ್ರಧಾನವೆಂದು ಎಣಿಸಿದ ಐದು ಹೊಡೆತಗಳಲ್ಲಿ ಮೊದಲನೆಯದು ತ್ಸೋರ್ನ್‌ಹೌ, ಅಂದರೆ ಕೋಪದ ಹೊಡೆತ. ಸಿಟ್ಟಿಗೆದ್ದ ಮನುಷ್ಯನ ಕೈ ತಾನಾಗಿ ಬೀಸುವಂತೆ ಬಲಭುಜದಿಂದ ಕೆಳಕ್ಕೆ ಓರೆಯಾಗಿ ಇಳಿಯುವ ಈ ಹೊಡೆತದಲ್ಲಿ ಹೊರನೋಟಕ್ಕೆ ಕಲಿಯುವಂಥದ್ದು ಏನೂ ಕಾಣುವುದಿಲ್ಲ. ಎದುರಾಳಿಯೂ ಹಾಗೆಯೇ ಬೀಸಿ ಎರಡು ಕತ್ತಿಗಳು ನಡುವೆ ತಾಗಿ ಒಂದಕ್ಕೊಂದು ಒತ್ತಿ ನಿಂತಾಗಲೇ ನಿಜವಾದ ಪಾಠ ಆರಂಭವಾಗುತ್ತದೆ. ಆಗ ಎದುರಿನ ಅಲಗು ಮೆತ್ತಗಿದ್ದರೆ, ಕತ್ತಿಯನ್ನು ಹಿಂದಕ್ಕೆಳೆಯದೆ ಅದರ ಮೊನೆಯನ್ನು ನೇರವಾಗಿ ಮುಖಕ್ಕೋ ಎದೆಗೋ ಚುಚ್ಚಬೇಕು. ಎದುರಾಳಿ ಎಚ್ಚೆತ್ತು ಮೊನೆಯನ್ನು ಬಲವಾಗಿ ಪಕ್ಕಕ್ಕೆ ತಳ್ಳಿದರೆ, ಆ ತಳ್ಳುವಿಕೆಯೊಡನೆ ಸೆಣಸದೆ, ಅವನ ಅಲಗಿನ ಮೇಲಿನಿಂದ ಕತ್ತಿಯನ್ನೆತ್ತಿ ಇನ್ನೊಂದು ಪಕ್ಕದಿಂದ ತಲೆಗೆ ಹೊಡೆಯಬೇಕು. ಅವನು ತಳ್ಳದೆ ಗಟ್ಟಿಯಾಗಿ ನಿಂತರೆ, ಅಲಗನ್ನು ಅಗಲಿಸದೆ ಹಿಡಿಯನ್ನು ತಲೆಯ ಮುಂದಕ್ಕೆ ಏರಿಸಿ ತಿರುಗಿಸಬೇಕು. ಹಿಡಿಗೆ ಹತ್ತಿರವಾದ ಅಲಗಿನ ಬಲವಾದ ಭಾಗವು ಆಗ ಎದುರಾಳಿಯ ಅಲಗಿನ ಮೇಲೆ ಬಂದು, ಮೊನೆ ಮೇಲಿನಿಂದ ಮುಖದ ಕಡೆಗೆ ತಿರುಗುತ್ತದೆ.

ಅಂದರೆ ಒಂದೇ ಹೊಡೆತಕ್ಕೆ ಮೂರು ಮುಂದುವರಿಕೆಗಳಿವೆ, ಯಾವುದನ್ನು ಆರಿಸಬೇಕೆಂಬುದನ್ನು ಹೇಳುವುದು ಕಣ್ಣಲ್ಲ, ಅಂಗೈ. ಈ ಅರಿವನ್ನು ಹಳೆಯ ಗುರುಗಳು ಫ್ಯೂಲೆನ್ ಎಂದು, ಅದನ್ನು ತಡಮಾಡದೆ ಕಾರ್ಯಕ್ಕಿಳಿಸುವ ಕ್ಷಣವನ್ನು ಇಂಡೆಸ್ ಎಂದು ಕರೆದು, ಈ ಎರಡನ್ನೇ ಇಡೀ ವಿದ್ಯೆಯ ತಿರುಳೆಂದು ಸಾರಿದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಆದುದರಿಂದಲೇ ವರಸೆಗಳನ್ನು ಕಂಠಪಾಠದಂತೆ ಕಲಿತವರು, ಜೊತೆಗಾರನೊಡನೆ ಗೊತ್ತುಮಾಡಿಕೊಂಡ ಅಭ್ಯಾಸದಲ್ಲಿ ಅವನ್ನು ಸೊಗಸಾಗಿ ಮಾಡಿ ತೋರಿಸಿದರೂ, ಮುಕ್ತ ಸೆಣಸಿನಲ್ಲಿ ಎಲ್ಲವನ್ನೂ ಮರೆತು ಕತ್ತಿಯನ್ನು ಸುಮ್ಮನೆ ಬೀಸತೊಡಗುತ್ತಾರೆ. ಅವರು ಕಲಿತದ್ದು ಉತ್ತರಗಳನ್ನು. ಪ್ರಶ್ನೆಯನ್ನು ಗುರುತಿಸುವುದು ಅಭ್ಯಾಸದಲ್ಲಿ ಸೇರಿರಲಿಲ್ಲ. ಈ ಕೊರತೆ ನೀಗಬೇಕಾದರೆ ಜೊತೆಗಾರನು ಮುಂಚಿತವಾಗಿ ಹೇಳದೆ ಒಮ್ಮೆ ಮೆತ್ತಗೆ, ಒಮ್ಮೆ ಗಟ್ಟಿಯಾಗಿ ಒತ್ತುತ್ತಿರಬೇಕು, ಕಲಿಯುವವನು ಆ ಒತ್ತಡವನ್ನು ಓದಿ ತನ್ನ ನಡೆಯನ್ನು ತಾನೇ ಆರಿಸಬೇಕು, ಅದು ಕೈಗೂಡಿದಂತೆಲ್ಲ ವೇಗವನ್ನೂ ಪ್ರತಿರೋಧವನ್ನೂ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಬೇಕು.

ಇಂದಿನ ಅಭ್ಯಾಸದಲ್ಲಿ ಬಹುವಾಗಿ ಬಳಕೆಯಾಗುವುದು ಫೆಡರ್ ಎಂಬ, ಹರಿತವಿಲ್ಲದ, ಚುಚ್ಚಿದಾಗ ಬಾಗುವ, ಸುಮಾರು ಒಂದೂವರೆ ಕಿಲೋ ತೂಕದ ಉಕ್ಕಿನ ಕತ್ತಿ. ಹರಿತವಾದ ಅಲಗುಗಳು ಒಂದನ್ನೊಂದು ಕಚ್ಚಿಕೊಂಡು ನಿಲ್ಲುವಲ್ಲಿ ಇದರ ಮೊಂಡಾದ ಅಂಚು ಜಾರುತ್ತದೆ. ಮುಖವನ್ನು ಮುಚ್ಚುವ ಉಕ್ಕಿನ ಜಾಳಿಗೆಯಿರುವುದರಿಂದ ಹಳೆಯ ಗ್ರಂಥಗಳು ಹೇಳುವ ಮುಖದ ತಿವಿತವನ್ನು ಪ್ರಯೋಗಿಸಿ ನೋಡಬಹುದಾದರೂ, ಬೆರಳುಗಳನ್ನು ಕಾಯುವ ದಪ್ಪ ಕೈಗವಸು ಅಂಗೈಗೆ ಬರಬೇಕಾದ ಸೂಕ್ಷ್ಮ ಸುದ್ದಿಯನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಹಾಗಾಗಿ ಒತ್ತಡ ಓದುವ ಪಾಠವನ್ನು ಕೈಗವಸು ಕಳಚಿಟ್ಟು, ಬರಿಗೈಯಲ್ಲಿ, ತೀರ ನಿಧಾನವಾಗಿ ಅಭ್ಯಾಸಮಾಡುವುದುಂಟು.