ವಿಡಿಯೋ ತೋರಿಸಿದರೆ ರೋಗಿಯ ಒಪ್ಪಿಗೆ ಪಕ್ಕಾ ಆಗುತ್ತದೆಯೇ?

ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮುನ್ನ ರೋಗಿಯ ಕೈಗೆ ಹಲವು ಪುಟಗಳ ಒಪ್ಪಿಗೆ ಪತ್ರ ಕೊಡುತ್ತಾರೆ. ಅದು ಕನ್ನಡದಲ್ಲೇ ಇದ್ದರೂ 'ಯಾದೃಚ್ಛಿಕ ಹಂಚಿಕೆ' ಎಂಬಂಥ ಪದ ಎದುರಾದರೆ ಡಿಗ್ರಿ ಓದಿದವರೂ ತಡವರಿಸುತ್ತಾರೆ. ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ: "ಎಲ್ಲಿ ಸೈನ್ ಮಾಡ್ಬೇಕು ಹೇಳಿ ಸಾರ್."

ಅರ್ಥವಾಗದೆ ಸಹಿ ಹಾಕಿದರೆ ಏನಾಗುತ್ತದೆ? ಡಾಕ್ಟರು ತನಗೆ ಯಾವುದು ಒಳ್ಳೆಯದೋ ಅದನ್ನೇ ಆರಿಸಿ ಕೊಡುತ್ತಿದ್ದಾರೆ ಎಂದು ರೋಗಿ ನಂಬಿರುತ್ತಾರೆ. ಆದರೆ ಅನೇಕ ಪ್ರಯೋಗಗಳಲ್ಲಿ ಯಾರಿಗೆ ಯಾವ ಔಷಧಿ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಕೆಲವರಿಗೆ ಪ್ಲಸೀಬೊ, ಅಂದರೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ ಸಿಗಬಹುದು. ಸಂಶೋಧನೆಯನ್ನೇ ಚಿಕಿತ್ಸೆ ಎಂದುಕೊಳ್ಳುವ ಈ ಭ್ರಮೆಗೆ ಅಮೆರಿಕದ ಸಂಶೋಧಕರು 1982ರಲ್ಲೇ ಹೆಸರಿಟ್ಟಿದ್ದಾರೆ.

ವಿಡಿಯೋ ನೆರವಾಗುವುದು ಇಲ್ಲೇ. ಚೀಟಿ ಎತ್ತುವುದನ್ನು, ಎರಡು ಗುಂಪುಗಳನ್ನು, ಎಷ್ಟು ಸಲ ರಕ್ತ ಕೊಡಬೇಕು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಹುದು. ಓದಲು ಬಾರದವರಿಗೂ ತಲುಪುತ್ತದೆ. ಕಲಬುರಗಿಯವರಿಗೆ ಅಲ್ಲಿಯ ಮಾತಿನಲ್ಲೇ ಹೇಳಬಹುದು. ಮನೆಯವರ ಜೊತೆ ಕೂತು ಮತ್ತೊಮ್ಮೆ ನೋಡಬಹುದು.

ನಾವು ಸಂವಹನ ಓದಿದವರು, ವಿಡಿಯೋ ಮೇಲೆ ನಮಗೆ ಮೋಹ ತುಸು ಜಾಸ್ತಿಯೇ. ಆದರೆ ಪುರಾವೆ ಅಷ್ಟು ಉತ್ಸಾಹ ತೋರಿಸುವುದಿಲ್ಲ. 2014ರ ಕಾಕ್ರೇನ್ ಸಮೀಕ್ಷೆ 16 ಅಧ್ಯಯನಗಳನ್ನು, 1,884 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ತಿಳಿವಳಿಕೆ ಸ್ವಲ್ಪ ಹೆಚ್ಚಬಹುದು, ಆದರೆ ಪುರಾವೆಯೇ ದುರ್ಬಲ ಎಂದಿತು. ಅದಕ್ಕೂ ಮೊದಲು, 2004ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಮೀಕ್ಷೆಯ ಪ್ರಕಾರ ಹೆಚ್ಚು ಫಲ ಕೊಟ್ಟದ್ದು ಹಳೆಯ ವಿಧಾನವೇ: ಒಬ್ಬರು ಎದುರು ಕೂತು, ಸಮಯ ಕೊಟ್ಟು ಮಾತಾಡುವುದು. ಪರದೆಗೆ ಪ್ರಶ್ನೆ ಕೇಳಲು ಆಗುವುದಿಲ್ಲವಲ್ಲ!

ನಮ್ಮ ದೇಶದಲ್ಲಿ ಇನ್ನೊಂದು ಗೊಂದಲವಿದೆ. 'ವಿಡಿಯೋ ಒಪ್ಪಿಗೆ' ಎಂದರೆ ಇಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರೋಗಿಗೆ ತೋರಿಸುವ ವಿಡಿಯೋ ಅಲ್ಲ, ರೋಗಿಯನ್ನೇ ಚಿತ್ರೀಕರಿಸುವುದು. 2013ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಆದೇಶಿಸಿತು. 2015ರ ತಿದ್ದುಪಡಿಯ ನಂತರ, ಹೊಸ ರಾಸಾಯನಿಕ ಅಥವಾ ಅಣುವಿನ ಔಷಧಿಗಳ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರು ಭಾಗವಹಿಸಿದರೆ ಇದು ಕಡ್ಡಾಯ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಿಗಳಿಗೆ ಧ್ವನಿಮುದ್ರಣ ಸಾಕು. ಕಾರಣ ಊಹಿಸುವುದು ಕಷ್ಟವಲ್ಲ. 2019ರ ನಿಯಮಗಳಲ್ಲೂ ಇದು ಮುಂದುವರಿದಿದೆ. ಗಮನಿಸಿ, ಸಹಿ ಹಾಕುವ ದೃಶ್ಯ ಒಂದಿದ್ದರೆ ಸಾಲದು. ಮಾಹಿತಿ ಕೊಟ್ಟ ಬಗೆ ಮತ್ತು ಅದು ರೋಗಿಗೆ ಅರ್ಥವಾದದ್ದು ಎರಡೂ ದಾಖಲಾಗಬೇಕು. "ಅರ್ಥ ಆಯ್ತಾ?" "ಹೂಂ" ಎನ್ನುವ ರೆಕಾರ್ಡಿಂಗ್ ಆಸ್ಪತ್ರೆಯನ್ನು ಕಾಪಾಡಬಹುದು, ರೋಗಿಯನ್ನಲ್ಲ.

ಹಾಗಾಗಿ ನಮಗೆ ಸರಿ ಕಾಣುವ ಕ್ರಮ ಇದು: ಮೊದಲು ಚಿಕ್ಕ ವಿಡಿಯೋ, ಆಮೇಲೆ ಮಾತುಕತೆ, ಕೊನೆಗೆ "ಈಗ ನೀವೇ ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಎಂದು ರೋಗಿಯಿಂದಲೇ ಹೇಳಿಸುವುದು. ಹೇಳಲು ತಡವರಿಸಿದರೆ ಮತ್ತೆ ವಿವರಿಸಬೇಕು, ಸಹಿ ನಾಳೆಗೂ ಆದೀತು.

ನಿಮ್ಮನ್ನೋ ಮನೆಯವರನ್ನೋ ಯಾರಾದರೂ ಪ್ರಯೋಗಕ್ಕೆ ಕರೆದರೆ ಮೂರು ವಿಷಯ ಕೇಳಿ. ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು? ಪ್ಲಸೀಬೊ ಸಿಗುವ ಸಾಧ್ಯತೆ ಇದೆಯೇ? ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಗೆ ಯಾರನ್ನು ಸಂಪರ್ಕಿಸಬೇಕು? ನಡುವೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.